ಕಡೆ ತೂಬಿನ ಬೇಸಾಯ: ನಾಲೆ ನೀರಿನ ಲೆಕ್ಕ ಹಿಡಿದು ಬೆಳೆ ಮಾಡಿದ ನನ್ನ ಅನುಭವ

ನಮ್ಮ ಜಮೀನು ಇರುವುದು ವಿಶ್ವೇಶ್ವರಯ್ಯ ನಾಲೆಯ ಮದ್ದೂರು ಶಾಖೆಯಿಂದ ಕವಲೊಡೆದ ಒಂದು ವಿತರಣಾ ನಾಲೆಯ ಕಡೆ ತೂಬಿನ, ಅಂದರೆ ಗದ್ದೆಗಳಿಗೆ ನೀರು ಬಿಡುವ ಕೊನೆಯ ಕಿಂಡಿಯ, ಕೆಳಗೆ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನೀರು 124.80 ಅಡಿ ಮುಟ್ಟಿತು, 49.45 ಟಿಎಂಸಿ ತುಂಬಿತು ಎಂಬ ಸುದ್ದಿ ಬಂದಾಗ ಮಂಡ್ಯ ಜಿಲ್ಲೆಯೆಲ್ಲ ಸಂಭ್ರಮಪಡುವುದು ಸಹಜ. ನಮ್ಮ ತೂಬಿನವರು ಮಾತ್ರ ಆ ಅಂಕಿಯನ್ನು ಕೇಳಿಕೊಂಡು, ನಾಲೆಗೆ ಯಾವತ್ತಿನಿಂದ ಬಿಡುತ್ತಾರೆ, ಎಷ್ಟು ದಿನ ನೀರು, ಎಷ್ಟು ದಿನ ಕಟ್ಟು (ನೀರು ನಿಲ್ಲಿಸುವುದು) ಎಂದು ವಿಚಾರಿಸುತ್ತಾರೆ. ಅಣೆಕಟ್ಟೆಯಲ್ಲಿ ನಿಂತ ನೀರಿಗೂ ಗದ್ದೆಯಲ್ಲಿ ತೂಗುವ ಭತ್ತಕ್ಕೂ ನಡುವೆ ಇರುವ ಸಂಬಂಧ ನೇರವಾದುದಲ್ಲ. ಆ ನೀರು ಯಾವ ವಾರದಲ್ಲಿ, ಯಾವ ಸರದಿಯಲ್ಲಿ ಕಡೆಯ ಮಡಿಯನ್ನು ಮುಟ್ಟಿತು ಎಂಬುದೇ ಇಳುವರಿಯನ್ನು ತೀರ್ಮಾನಿಸುತ್ತದೆ ಎಂಬುದು ನನ್ನ ಅನುಭವ. ಈ ಲೆಕ್ಕವನ್ನು ಹಿಡಿದು ನಾವು ಬೇಸಾಯದ ಕ್ರಮವನ್ನು ಹೇಗೆ ಬದಲಾಯಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾಲೆ ಬರುವ ಮುನ್ನ ಈ ಭಾಗ ಬಹುಪಾಲು ರಾಗಿ, ಹುರುಳಿ, ಅವರೆಯ ಖುಷ್ಕಿ (ಮಳೆಯಾಶ್ರಿತ) ನೆಲವಾಗಿತ್ತು. ಭತ್ತವೆಂದರೆ ಕೆರೆಯ ಹಿಂದಿನ ಒಂದಿಷ್ಟು ಗದ್ದೆ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ವಿರಿಜಾ ನಾಲೆಗಳಂಥ ಹಳೆಯ ಕಾಲುವೆಗಳಿದ್ದರೂ ಅವು ನದಿಯ ಆಸುಪಾಸಿನ ತಗ್ಗಿಗಷ್ಟೇ ಸೀಮಿತವಾಗಿದ್ದವು. 1911ರಲ್ಲಿ ಕನ್ನಂಬಾಡಿಯ ಕೆಲಸ ಆರಂಭವಾಗಿ, ಮುಂದೆ ಹುಲಿಕೆರೆಯ ಸುರಂಗ ಕೊರೆದು ನೀರನ್ನು ಈ ಕಡೆಗೆ ದಾಟಿಸಿದ ಮೇಲೆ, ಎರಡು ಲಕ್ಷ ಎಕರೆಗೆ ಸಮೀಪದ ನೆಲ ಅಚ್ಚುಕಟ್ಟಿಗೆ ಸೇರಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದದ್ದು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು ಈ ನೀರಿನ ಹಿಂದೆಯೇ. ಆಗಿನ ಯೋಜನೆಯಲ್ಲಿ ಅಚ್ಚುಕಟ್ಟನ್ನು ಮೂರು ಪಾಲು ಮಾಡಿ, ಒಂದರಲ್ಲಿ ಕಬ್ಬು, ಒಂದರಲ್ಲಿ ಭತ್ತ, ಮತ್ತೊಂದರಲ್ಲಿ ರಾಗಿಯಂಥ ಅರೆ ಖುಷ್ಕಿ ಬೆಳೆ ಎಂದು ಸರದಿಯ ಮೇಲೆ ಬೆಳೆಯುವ ಬ್ಲಾಕ್ ಪದ್ಧತಿ ಇತ್ತು. ಅದು ಈಗ ಹೆಚ್ಚುಕಡಿಮೆ ಕಾಗದದಲ್ಲಿ ಉಳಿದಿದೆ. ನಾಲೆಯ ತಲೆಯಲ್ಲಿರುವವರು ಭತ್ತದ ಮೇಲೆ ಭತ್ತ, ಕಬ್ಬಿನ ಮೇಲೆ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಬೆಳೆಯುತ್ತಿರುವಾಗ, ಕಡೆಯಲ್ಲಿರುವವರಿಗೆ ಅರೆ ಖುಷ್ಕಿಯು ಆಯ್ಕೆಯಾಗಿ ಉಳಿಯದೆ ಅನಿವಾರ್ಯವಾಗಿದೆ. ಹಿಂದಿನವರ ಆ ಲೆಕ್ಕ ಎಷ್ಟು ಸರಿಯಾಗಿತ್ತು ಎಂಬುದು ನೀರು ಸಾಲದ ವರ್ಷಗಳಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

ಮಂಡ್ಯದ ಬೇಸಾಯಕ್ಕೆ ಎರಡು ಮಳೆಗಳ ಆಧಾರವಿದೆ ಎಂಬುದನ್ನು ಹೊರಗಿನವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ನಮ್ಮ ನೆಲದ ಮೇಲೆ ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುತ್ತದೆ. ಅದರಲ್ಲಿ ದೊಡ್ಡ ಪಾಲು ಭರಣಿ, ಕೃತ್ತಿಕೆಯ ಕಾಲದ ಮೇ ತಿಂಗಳಲ್ಲಿ ಒಮ್ಮೆ, ಹಸ್ತ, ಚಿತ್ತೆಯ ಕಾಲದ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಬರುತ್ತದೆ. ನಡುವಿನ ಜೂನ್, ಜುಲೈ ತಿಂಗಳುಗಳಲ್ಲಿ ಇಲ್ಲಿ ಗಾಳಿ ಜಾಸ್ತಿ, ಮಳೆ ಕಡಿಮೆ. ಕಟ್ಟೆಯನ್ನು ತುಂಬಿಸುವುದು ಅದೇ ಜೂನ್‌ನಿಂದ ಆಗಸ್ಟ್‌ವರೆಗೆ ಕೊಡಗಿನಲ್ಲಿ ಮತ್ತು ಹೇಮಾವತಿಯ ಮೇಲ್ಭಾಗದಲ್ಲಿ ಸುರಿಯುವ ಮಳೆ. ಅಂದರೆ ನಮ್ಮಲ್ಲಿ ಮಳೆಯಿಲ್ಲದ ಹೊತ್ತಿಗೆ ಸರಿಯಾಗಿ ನಾಟಿಗೆ ನೀರು ಒದಗಿಸುವುದೇ ನಾಲೆಯ ನಿಜವಾದ ಕೆಲಸ. ಕೊಡಗಿನ ಮಳೆ ಮೂರು ವಾರ ತಡವಾದರೆ ನಾಲೆಗೆ ನೀರು ಬಿಡುವುದೂ ತಡವಾಗುತ್ತದೆ. ಆಮೇಲೆ ಕಟ್ಟೆ ತುಂಬಿ ಕೋಡಿ ಹರಿದರೂ ಕಳೆದುಹೋದ ಆ ಮೂರು ವಾರವನ್ನು ಅದು ವಾಪಸು ಕೊಡುವುದಿಲ್ಲ. ಕಟ್ಟೆ ಬೇಗ ತುಂಬಿದ ವರ್ಷಗಳೂ ಇವೆ. 2025ರಲ್ಲಿ ಜೂನ್ ತಿಂಗಳು ಮುಗಿಯುವುದರೊಳಗೆ ತುಂಬಿ ಬಾಗಿನ ಅರ್ಪಣೆಯಾಯಿತು. ಅಂಥ ವರ್ಷದಲ್ಲಿ ಯಾರು ಬೇಕಾದರೂ ಒಳ್ಳೆಯ ಬೆಳೆ ತೆಗೆಯಬಹುದು. ನಾನು ಹೇಳಹೊರಟಿರುವುದು ಉಳಿದ ವರ್ಷಗಳ ಬಗ್ಗೆ.

ಮೊದಲು ನಾವು ಮಾಡಿದ್ದು ತೂಬಿನ ಲೆಕ್ಕ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಗಂಟೆಗೆ ಸುಮಾರು ಒಂದು ಲಕ್ಷ ಲೀಟರ್ ಆಗುತ್ತದೆ. ಬೆಳೆದು ನಿಂತ ಪೈರಿಗೆ ಎಕರೆಗೆ 5 ಸೆಂಟಿಮೀಟರ್ ನೀರು ಕಟ್ಟಬೇಕಾದರೆ ಎರಡು ಲಕ್ಷ ಲೀಟರ್ ಸಾಕು, ಅಂದರೆ ಒಂದು ಕ್ಯೂಸೆಕ್ ಹರಿವಿನಲ್ಲಿ ಎರಡು ಗಂಟೆ. ಆದರೆ ಒಣಗಿದ ಗದ್ದೆಯನ್ನು ನೆನೆಸಿ, ಉತ್ತು, ಕೆಸರು ಮಾಡಿ, ನಾಟಿಗೆ ಹದಗೊಳಿಸಲು ಕಡಿಮೆಯೆಂದರೂ 20 ಸೆಂಟಿಮೀಟರ್ ನೀರು ಬೇಕು. ಅದಕ್ಕೆ ಎಕರೆಗೆ ಎಂಟು ಗಂಟೆ ಹಿಡಿಯುತ್ತದೆ. ನಲವತ್ತು ಎಕರೆಯ ಒಂದು ತೂಬಿಗೆ ಒಂದು ಕ್ಯೂಸೆಕ್ ಪೂರ್ತಿಯಾಗಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಪೈರಿಗೆ ಒಂದು ಸುತ್ತು ನೀರು ಕಟ್ಟಲು 80 ಗಂಟೆ, ಅಂದರೆ ನಾಲ್ಕು ದಿನದೊಳಗೆ ಮುಗಿಯುತ್ತದೆ. ಅದೇ ನಲವತ್ತು ಎಕರೆಯನ್ನೂ ಕೆಸರು ಮಾಡಲು 320 ಗಂಟೆ, ಅಂದರೆ ಹಗಲು ರಾತ್ರಿ ಹರಿಸಿದರೂ 13 ದಿನದ ಮೇಲೆ ಬೇಕು. ಹೊಲಗಾಲುವೆಯಲ್ಲಿ ಇಂಗಿ ಹೋಗುವುದು, ಬದು ಒಡೆದು ಪೋಲಾಗುವುದು ಈ ಲೆಕ್ಕದಲ್ಲಿ ಸೇರಿಲ್ಲ. ಹದಿನೈದು ದಿನ ಹರಿಸಿ ಹತ್ತು ದಿನ ನಿಲ್ಲಿಸುವ ಕಟ್ಟು ಪದ್ಧತಿ ಬಂದರೆ, ಮೇಲಿನವರು ಕೆಸರು ಮಾಡಿ ಮುಗಿಸುವ ಹೊತ್ತಿಗೆ ತೂಬು ಮುಚ್ಚುತ್ತದೆ, ಕೆಳಗಿನವರು ಮುಂದಿನ ಸರದಿಗೆ ಕಾಯುತ್ತಾರೆ. ನೀರಿನ ಕೊರತೆ ಇಡೀ ಬೆಳೆಯ ಅವಧಿಯುದ್ದಕ್ಕೂ ಸಮನಾಗಿ ಹರಡಿಕೊಂಡಿರುವುದಿಲ್ಲ, ಅದು ನಾಟಿಗೆ ಮುಂಚಿನ ಆ ಎರಡು ವಾರಗಳಲ್ಲಿ ಒತ್ತಿಕೊಂಡಿರುತ್ತದೆ ಎಂಬುದು ಈ ಕೂಡು ಕಳೆಯುವ ಲೆಕ್ಕದಿಂದ ನಮಗೆ ಸ್ಪಷ್ಟವಾಯಿತು. ಆದ್ದರಿಂದ ಉಳಿತಾಯವನ್ನೂ ಅಲ್ಲಿಯೇ ಮಾಡಬೇಕಿತ್ತು.

ಮೇ ತಿಂಗಳ ಮಳೆ ಬಿದ್ದ ತಕ್ಷಣ ಒಣ ಉಳುಮೆ ಮಾಡಿ, ಹೆಂಟೆ ಒಡೆದು, ಹಸಿರೆಲೆ ಗೊಬ್ಬರದ ಗಿಡವಾದ ಡಯಾಂಚ ಬಿತ್ತುವುದನ್ನು ರೂಢಿ ಮಾಡಿಕೊಂಡೆವು. ಮಳೆಯ ತೇವದಲ್ಲಿಯೇ ಡಯಾಂಚ ಸೊಂಟದ ಮಟ್ಟಕ್ಕೆ ಬರುತ್ತದೆ. ನಾಲೆಗೆ ನೀರು ಬಂದಾಗ ಅದನ್ನು ಮಗುಚಿ ಕೆಸರಿಗೆ ಸೇರಿಸುತ್ತೇವೆ. ಬಿರುಕು ಬಿಟ್ಟು ಗಟ್ಟಿಯಾದ ನೆಲಕ್ಕೆ ನೀರು ಬಿಟ್ಟರೆ ಅದು ಮೊದಲ ದಿನವೆಲ್ಲ ಬಿರುಕಿನೊಳಗೆ ಇಳಿದುಹೋಗುತ್ತದೆ. ಮೊದಲೇ ಉತ್ತು ಪುಡಿಯಾಗಿರುವ ನೆಲ ಬೇಗ ನೆನೆದು ಬೇಗ ಕೆಸರಾಗುತ್ತದೆ. ಎಕರೆಗೆ ಹಿಡಿಯುತ್ತಿದ್ದ ಸಮಯದಲ್ಲಿ ಕಾಲು ಭಾಗಕ್ಕಿಂತ ಕಡಿಮೆಯಿಲ್ಲದಷ್ಟು ಉಳಿಯಿತು ಎಂಬುದು ನನ್ನ ಅಂದಾಜು.

ಒಟ್ಲು (ನಾಟಿಗೆ ಬೇಕಾದ ಸಸಿಮಡಿ) ಹಾಕುವುದಕ್ಕೆ ನಾಲೆಯನ್ನು ಕಾಯುವುದನ್ನು ಪೂರ್ತಿಯಾಗಿ ಬಿಟ್ಟೆವು. ಒಂದು ಎಕರೆ ನಾಟಿಗೆ ಎರಡು ಮೂರು ಗುಂಟೆ ಒಟ್ಲು ಪಾತಿ ಸಾಕಾಗುವುದರಿಂದ, ಸಣ್ಣ ಕೊಳವೆಬಾವಿಯೊಂದರಿಂದ ತೂಬಿನ ಹಲವು ಮನೆಗಳ ಪೈರನ್ನು ಬೆಳೆಸಬಹುದು. ಕೊಳವೆಬಾವಿ ಇದ್ದವರ ಜಮೀನಿನಲ್ಲಿಯೇ ಎಲ್ಲರ ಒಟ್ಲು. ಅದಕ್ಕೆ ಪ್ರತಿಯಾಗಿ ಅವರ ಗದ್ದೆಯ ಬದು ಕಡಿಯುವ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದು. ಈ ಕೊಳವೆಬಾವಿಯ ನೀರೂ ಬೇರೆ ಎಲ್ಲಿಂದಲೋ ಬಂದದ್ದಲ್ಲ, ಬಹುಪಾಲು ನಾಲೆಯಿಂದಲೂ ಮೇಲಿನ ಗದ್ದೆಗಳಿಂದಲೂ ಇಂಗಿದ್ದು. ನಾಲೆಗೆ ಕಾಂಕ್ರೀಟ್ ಹೊದಿಸಿದಂತೆಲ್ಲ ಆ ಇಂಗುವಿಕೆ ಕಡಿಮೆಯಾಗುತ್ತದೆ ಎಂಬ ಆತಂಕ ನಮ್ಮಲ್ಲಿದೆ. ಹಾಗೆಂದು ಹೊದಿಸದೆ ಬಿಟ್ಟರೆ ಕಡೆ ತೂಬಿಗೆ ನೀರೇ ಮುಟ್ಟುವುದಿಲ್ಲ. ಎರಡನ್ನೂ ತೂಗಿ ನೋಡಿದರೆ ನಾನು ಕಾಂಕ್ರೀಟಿನ ಪರವಾಗಿಯೇ ನಿಲ್ಲುತ್ತೇನೆ.

ಒಟ್ಲು ಮೊದಲೇ ಸಿದ್ಧವಾಗುವುದರ ಬೆಲೆ ತಿಳಿಯುವುದು ನವೆಂಬರ್, ಡಿಸೆಂಬರ್‌ನಲ್ಲಿ. ಭತ್ತ ಹೊಡೆ ತುಂಬುವ, ಹೂ ಬಿಡುವ ಹಂತದಲ್ಲಿ ರಾತ್ರಿಯ ಉಷ್ಣಾಂಶ 18–20 ಡಿಗ್ರಿಗಿಂತ ಕೆಳಗಿಳಿದರೆ ಪರಾಗ ಸರಿಯಾಗಿ ಬಲಿಯದೆ ಕಾಳು ಜೊಳ್ಳಾಗುತ್ತದೆ. ಜಯ ತಳಿ ಸುಮಾರು 140 ದಿನದ್ದು. ನಾಲೆ ನೀರನ್ನು ಕಾದು ಆಗಸ್ಟ್ 25ಕ್ಕೆ ಬಿತ್ತಿದರೆ ಅದು ಹೂ ಬಿಡುವುದು ಡಿಸೆಂಬರ್ ಎರಡನೆಯ ವಾರದಲ್ಲಿ, ಚಳಿ ಸರಿಯಾಗಿ ಕೂತಿರುವಾಗ. ಅದೇ 120 ದಿನದ ಆಸುಪಾಸಿನ ಐಆರ್ 64 ಅಥವಾ ಎಂಟಿಯು 1010 ತಳಿಯನ್ನು ಕೊಳವೆಬಾವಿಯ ನೀರಿನಲ್ಲಿ ಆಗಸ್ಟ್ ಮೊದಲ ದಿನಗಳಲ್ಲಿ ಚೆಲ್ಲಿದ್ದರೆ ಅಕ್ಟೋಬರ್ ಕೊನೆಗೆ ಹೂ ಬಂದು ಮುಗಿದಿರುತ್ತದೆ. ಹೀಗೆ ಬಿತ್ತನೆಯ ದಿನವನ್ನು ಹೂವಿನ ದಿನದಿಂದ ಹಿಂದಕ್ಕೆ ಎಣಿಸಿ ತಳಿಯನ್ನು ಆರಿಸುತ್ತೇವೆ. ನೀರು ಜುಲೈ ಮಧ್ಯದೊಳಗೆ ಖಾತ್ರಿಯಿದ್ದರೆ ದೀರ್ಘಾವಧಿಯ ತಳಿ. ಜುಲೈ ದಾಟಿತೆಂದರೆ ಅಲ್ಪಾವಧಿ ತಳಿ, ಒತ್ತಾದ ನಾಟಿ, ಗುಣಿಗೆ ಎರಡರ ಬದಲು ಮೂರು ನಾಲ್ಕು ಪೈರು. ಬಲಿತ ಪೈರು ತೆಂಡೆ (ಬುಡದ ಕವಲು) ಒಡೆಯುವುದು ಕಡಿಮೆಯಾದ್ದರಿಂದ ಈ ಒತ್ತು ನಾಟಿ ಬೇಕೇಬೇಕು. ಆಗಸ್ಟ್ ಕೂಡ ಕಳೆದರೆ ಭತ್ತದ ಆಸೆ ಬಿಟ್ಟು ರಾಗಿ ನಾಟಿ ಮಾಡುವುದೇ ಜಾಣತನ.

ಇನ್ನು ಸರದಿಯ ವಿಚಾರ. ಮೇಲಿನವರು ಮೊದಲು, ಕೆಳಗಿನವರು ಆಮೇಲೆ ಎಂಬುದು ನಡೆದುಬಂದ ಪದ್ಧತಿ. ಅದನ್ನು ತಿರುಗಿಸಿ, ಕಡೆಯ ಮಡಿಯಿಂದ ಮೇಲಕ್ಕೆ ನೀರು ಕಟ್ಟಿಕೊಂಡು ಬರೋಣ ಎಂದು ಒಪ್ಪಿಸುವುದಕ್ಕೆ ಬೇರೆಲ್ಲಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು. ನಮ್ಮ ವಾದ ಇಷ್ಟೇ: ಕಾಲುವೆಯಲ್ಲಿ ಮೊದಲ ದಿನಗಳ ಹರಿವು ಜೋರಾಗಿರುತ್ತದೆ, ಆ ಜೋರಿನಲ್ಲಿಯೇ ನೀರು ಕಡೆಯವರೆಗೆ ಓಡಬಲ್ಲದು, ಹರಿವು ಕುಗ್ಗಿದ ಮೇಲೂ ತೂಬಿನ ಬಾಯಿಯಲ್ಲಿರುವವರಿಗೆ ಒಂದಿಷ್ಟು ಸಿಗುತ್ತದೆ, ನಮಗೆ ಸಿಗುವುದಿಲ್ಲ. ಇದಕ್ಕೆ ಮೇಲಿನವರಿಗೆ ಏನು ಲಾಭ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಾಟಿ ಆಳು ಸಿಗದಿರುವುದೇ ಅದಕ್ಕೆ ಉತ್ತರವಾಯಿತು. ಎಲ್ಲರ ಗದ್ದೆಯೂ ಒಂದೇ ವಾರ ಹದಕ್ಕೆ ಬಂದರೆ ಆಳಿಗೆ ಪೈಪೋಟಿ ಬಿದ್ದು ಕೂಲಿ ಏರುತ್ತದೆ. ಕಡೆಯಿಂದ ಮೇಲಕ್ಕೆ ದಿನ ಬಿಟ್ಟು ದಿನ ಹದವಾಗುತ್ತ ಬಂದರೆ ಒಂದೇ ತಂಡ, ಇಲ್ಲವೇ ಬಾಡಿಗೆಗೆ ತಂದ ಒಂದೇ ನಾಟಿ ಯಂತ್ರ, ಇಡೀ ತೂಬನ್ನು ಮುಗಿಸುತ್ತದೆ. ನೀರಿನ ಮಾತಿಗೆ ಒಪ್ಪದಿದ್ದವರು ಕೂಲಿಯ ಮಾತಿಗೆ ಒಪ್ಪಿದರು. ಸರದಿಯ ಗಂಟೆಗಳನ್ನು ಎಕರೆಯ ಲೆಕ್ಕದಲ್ಲಿ ಬರೆದು, ನೀರು ಬಿಡುವ ಕೆಲಸ ನೋಡುವ ನೀರುಗಂಟಿಯ ಕೈಗೊಂದು ಪ್ರತಿ ಕೊಟ್ಟೆವು. ರಾತ್ರಿಯ ಸರದಿ ಮಾತ್ರ ಈಗಲೂ ಕಷ್ಟದ್ದೇ. ಸನಿಕೆ ಹಿಡಿದು ಬ್ಯಾಟರಿ ಬೆಳಕಿನಲ್ಲಿ ಕಾಲುವೆಯುದ್ದಕ್ಕೂ ನಡೆದು, ಎಲ್ಲಿ ಏಡಿ ತೂತು ಮಾಡಿದೆ, ಯಾರು ಕಂಡಿ ಸರಿಯಾಗಿ ಮುಚ್ಚಿಲ್ಲ ಎಂದು ನೋಡಿಕೊಂಡು ಬಂದು ಆಮೇಲೆ ನೀರು ತಿರುಗಿಸಬೇಕು. ಇಬ್ಬರು ಜೊತೆಯಾಗಿ ಹೋಗುವುದನ್ನು ನಿಯಮ ಮಾಡಿಕೊಂಡಿದ್ದೇವೆ. ಜಗಳವೂ ಕಡಿಮೆ, ಹಾವಿನ ಭಯವೂ ಕಡಿಮೆ.

ನಾಟಿಯಾದ ಮೇಲೆ ಕಟ್ಟಿನ ಹತ್ತು ದಿನಗಳನ್ನು ದಾಟುವುದಕ್ಕೆ ನನಗೆ ನೆರವಾದದ್ದು ಒಂದು ಪೈಪಿನ ತುಂಡು. ನಾಲ್ಕು ಅಂಗುಲ ದಪ್ಪದ ಪಿವಿಸಿ ಪೈಪನ್ನು ಒಂದಡಿ ಉದ್ದಕ್ಕೆ ಕತ್ತರಿಸಿ, ಕೆಳಗಿನ ಅರ್ಧಕ್ಕೆ ಸುತ್ತಲೂ ರಂಧ್ರ ಕೊರೆದು, ಆ ಅರ್ಧವನ್ನು ಕೆಸರಿನಲ್ಲಿ ಹೂಳಿ, ಒಳಗೆ ತುಂಬಿಕೊಂಡ ಮಣ್ಣನ್ನು ಕೈಯಿಂದ ಬಗೆದು ತೆಗೆಯಬೇಕು. ಬದುವಿನಿಂದ ಕೈಗೆ ಎಟಕುವ ಜಾಗದಲ್ಲಿ, ಆದರೆ ಬದುವಿನ ಬುಡಕ್ಕೆ ತೀರ ಅಂಟಿಕೊಳ್ಳದಂತೆ ಹೂಳುವುದು ಒಳ್ಳೆಯದು. ಗದ್ದೆಯ ಮೇಲೆ ನೀರು ಕಾಣದೆ ಹೋದ ಮೇಲೂ ಈ ಪೈಪಿನೊಳಗೆ ಇಣುಕಿದರೆ ನೆಲದಡಿಯ ನೀರು ಎಷ್ಟಕ್ಕೆ ಇಳಿದಿದೆ ಎಂದು ಕಾಣುತ್ತದೆ. ಗುರುತು ಹಾಕಿದ ಕಡ್ಡಿಯೊಂದನ್ನು ಇಳಿಸಿ ಅಳೆಯಬಹುದು. ನೀರು ನೆಲಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ ಇಳಿಯುವವರೆಗೂ ಪೈರಿಗೆ ತೊಂದರೆಯಿಲ್ಲ, ಆಮೇಲೆ 5 ಸೆಂಟಿಮೀಟರ್ ಕಟ್ಟಿದರೆ ಸಾಕು. ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಕ್ರಮ ಇದು. ನಾಟಿಯಾದ ಮೊದಲ ಎರಡು ವಾರ ಕಳೆಯ ಕಾರಣಕ್ಕೆ ತೆಳ್ಳಗೆ ನೀರು ನಿಲ್ಲಿಸಬೇಕು. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಆಮೇಲಿನವರೆಗೆ ನೀರು ತಪ್ಪಲೇಬಾರದು. ಉಳಿದ ದಿನಗಳಲ್ಲಿ ಗದ್ದೆ ಒಣಗಿದಂತೆ ಕಂಡರೆ ಹೆದರಬೇಕಾಗಿಲ್ಲ.

ಹೆದರಬೇಕಾಗಿಲ್ಲ ಎಂದು ಬರೆಯುವುದು ಸುಲಭ. ಪೈಪು ಹೂಳಿದ ಮೊದಲ ವರ್ಷ ಪಕ್ಕದ ಗದ್ದೆಯ ಹಿರಿಯರು ಬದುವಿನ ಮೇಲೆ ನಿಂತು, “ಏನ್ಲಾ ಮಗ, ಗದ್ದೆ ಬಿರುಕು ಬಿಡೋಗಂಟ ಸುಮ್ಕೆ ಕುಂತಿದ್ದೀಯಲ್ಲ, ನಿಮ್ಮಪ್ಪ ಇದ್ದಿದ್ರೆ ಬುಡೋನಾ?” ಎಂದು ಕೇಳಿದ್ದರು. “ಬಗ್ಗಿ ನೋಡಿ ದೊಡ್ಡಪ್ಪ, ಕೆಳಗೆ ನೀರದೆ” ಎಂದು ಪೈಪಿನೊಳಗೆ ಕಡ್ಡಿ ಇಳಿಸಿ ತೋರಿಸಿದೆ. ಅವರು ಒಪ್ಪಲಿಲ್ಲ, ಆದರೆ ಕೊಯ್ಲಿನಲ್ಲಿ ಎರಡೂ ಗದ್ದೆಗಳ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬಾರದಿದ್ದಾಗ, ಮರುವರ್ಷ ಅವರ ಗದ್ದೆಯಲ್ಲಿಯೂ ಒಂದು ಪೈಪು ನಿಂತಿತ್ತು. ಇಳುವರಿ ಹೆಚ್ಚಿತೆಂದು ನಾನು ಹೇಳುವುದಿಲ್ಲ. ಅಷ್ಟೇ ಇಳುವರಿ ಕಡಿಮೆ ನೀರಿನಲ್ಲಿ ಬಂತು, ಕಟ್ಟಿನ ದಿನಗಳು ಆತಂಕವಿಲ್ಲದೆ ಕಳೆದವು. ಕಳೆ ಮಾತ್ರ ಹೆಚ್ಚುತ್ತದೆ. ಕಳೆ ತೆಗೆಯುವ ಕೋನೋ ವೀಡರ್ ಒಂದು ಸುತ್ತು ಹೆಚ್ಚಾಗಿ ಓಡಿಸಬೇಕಾಗುತ್ತದೆ.

ಕಡೆ ಭಾಗದಲ್ಲಿ ನೀರಿನ ಕೊರತೆಯಷ್ಟೇ ಇರುತ್ತದೆ ಎಂದು ಅನೇಕರು ತಿಳಿಯುತ್ತಾರೆ. ನಮ್ಮ ಜಮೀನಿನ ಕೆಳಗಿನ ತುದಿಯಲ್ಲಿ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಮೇಲಿನ ಗದ್ದೆಗಳಿಂದ ಬಸಿದ ನೀರೆಲ್ಲ ಅಲ್ಲಿ ಬಂದು ನಿಂತು, ಹೋಗಲು ದಾರಿಯಿಲ್ಲದೆ, ನೆಲ ಜವಳು ಹಿಡಿದಿತ್ತು. ಬೇಸಿಗೆಯಲ್ಲಿ ಮೇಲ್ಮಣ್ಣಿನ ಮೇಲೆ ಬಿಳಿಯ ಪದರ ಕಟ್ಟುತ್ತಿತ್ತು, ನಾಟಿಯಾದ ಪೈರಿನ ಎಲೆಗಳ ಮೇಲೆ ತುಕ್ಕಿನಂಥ ಚುಕ್ಕೆ ಕಾಣಿಸಿಕೊಳ್ಳುತ್ತಿತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನವರು ಹೇಳಿದ್ದು ಮೊದಲು ಬಸಿಗಾಲುವೆ, ಆಮೇಲೆ ಗೊಬ್ಬರ ಎಂದು. ಕೆಳ ಬದುವಿನ ಉದ್ದಕ್ಕೂ ಮೂರಡಿ ಆಳದ ಕಾಲುವೆ ತೋಡಿಸಿ ಹಳ್ಳಕ್ಕೆ ಸೇರಿಸಿದೆವು. ತೋಡಿದ ಮರುದಿನವೇ ಪಕ್ಕದ ಮಣ್ಣಿನಿಂದ ಕೆಂಗಂದು ನೀರು ಜಿನುಗತೊಡಗಿ, ಮೇಲೆ ಎಣ್ಣೆಯಂಥ ತೆಳು ಪೊರೆ ತೇಲುತ್ತಿತ್ತು. ಅದು ಎಣ್ಣೆಯಲ್ಲ, ಗಾಳಿಯಿಲ್ಲದ ಮಣ್ಣಿನಲ್ಲಿ ಕರಗಿದ್ದ ಕಬ್ಬಿಣ. ಮಣ್ಣು ಪರೀಕ್ಷೆ ಮಾಡಿಸಿ ಅವರು ಹೇಳಿದ ಪ್ರಮಾಣದಲ್ಲಿ ಜಿಪ್ಸಂ ಹಾಕಿ, ನೀರು ಕಟ್ಟಿ ಉಪ್ಪನ್ನು ಬಸಿಗಾಲುವೆಗೆ ಇಳಿಸಿ, ಡಯಾಂಚ ಮಗುಚಿ, ಎಕರೆಗೆ 8 ಕಿಲೋ ಸತುವಿನ ಸಲ್ಫೇಟ್ ಕೊಟ್ಟೆವು. ಒಂದೇ ವರ್ಷಕ್ಕೆ ಸರಿಹೋಗುವ ರೋಗವಲ್ಲ ಅದು. ಆದರೂ ಆ ಮಡಿಗಳಲ್ಲಿ ಈಗ ತೆಂಡೆ ಸಮನಾಗಿ ಬರುತ್ತಿದೆ. ನೀರು ತರುವ ಕಾಲುವೆಗೆ ಸಿಗುವ ಗಮನದ ಕಾಲು ಪಾಲೂ ನೀರು ಒಯ್ಯುವ ಕಾಲುವೆಗೆ ಸಿಗುವುದಿಲ್ಲ ಎಂಬುದು ನನ್ನ ದೂರು. ಎಷ್ಟೋ ಕಡೆ ಹಳೆಯ ಬಸಿಗಾಲುವೆಗಳನ್ನು ಉತ್ತು ಗದ್ದೆಗೆ ಸೇರಿಸಿಕೊಂಡಿದ್ದಾರೆ.

ಮೇಲಿನ ತುದಿಯ ಕೆಂಪು ಮಣ್ಣಿನ ಎಕರೆಯಲ್ಲಿ ಭತ್ತವನ್ನು ನಿಲ್ಲಿಸಿಬಿಟ್ಟೆವು. ಅಲ್ಲಿ ಒಂದು ವರ್ಷ ತನಿ ಕಬ್ಬು (ಹೊಸದಾಗಿ ನೆಟ್ಟದ್ದು), ಒಂದು ವರ್ಷ ಕೂಳೆ, ಆಮೇಲೆ ರಾಗಿ. ಕಬ್ಬಿಗೆ ಭತ್ತಕ್ಕಿಂತ ಹೆಚ್ಚು ನೀರು ಬೇಕು ನಿಜ, ಆದರೆ ಅದರ ಬೇಡಿಕೆ ವರ್ಷವಿಡೀ ಹರಡಿಕೊಂಡಿರುವುದರಿಂದ, ಒಂದು ಸರದಿ ತಪ್ಪಿದರೂ ಅದು ಸಾಯುವುದಿಲ್ಲ. ಸಾಲು ಬಿಟ್ಟು ಸಾಲಿಗೆ ನೀರು ಹಾಯಿಸಿ, ಸೋಗೆಯನ್ನು ಸುಡದೆ ಸಾಲಿನ ನಡುವೆ ಹರಡಿದರೆ ಬೇಸಿಗೆಯ ಕಟ್ಟನ್ನು ತಡೆದುಕೊಳ್ಳುತ್ತದೆ. ಹನಿ ನೀರಾವರಿ ಮಾಡಿಸಿ ಎಂದು ಸಲಹೆ ಕೊಡುವವರು ಒಂದು ವಿಷಯವನ್ನು ಮರೆಯುತ್ತಾರೆ: ಹನಿಗೆ ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಬೇಕು, ನಾಲೆ ಕೊಡುವುದು ಹದಿನೈದು ದಿನ ಧಾರಾಳವಾಗಿ, ಹತ್ತು ದಿನ ಏನೂ ಇಲ್ಲ. ನಡುವೆ ಒಂದು ಹೊಂಡವೋ ಕೊಳವೆಬಾವಿಯೋ ಇಲ್ಲದೆ ಇವೆರಡೂ ಕೂಡುವುದಿಲ್ಲ. ಹೊಂಡಕ್ಕೆ ಜಾಗ ಬಿಡುವಷ್ಟು ಜಮೀನು ನಮ್ಮ ತೂಬಿನಲ್ಲಿ ಹೆಚ್ಚಿನವರಿಗಿಲ್ಲ.

ರಾಗಿಯ ಬಗ್ಗೆ ನಾಲೆ ಬಯಲಿನಲ್ಲಿ ಒಂದು ತಾತ್ಸಾರವಿದೆ. ನೀರಿದ್ದವನು ರಾಗಿ ಬೆಳೆಯುವುದು ಮರ್ಯಾದೆಗೆ ಕಡಿಮೆ ಎಂಬಂತೆ. ಇಂಡಾಫ್ ರಾಗಿ ತಳಿಗಳನ್ನು ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ರೂಪಿಸಿದ್ದು ಇದೇ ನಾಲೆಯ ಪಕ್ಕದ ವಿ.ಸಿ. ಫಾರಂನಲ್ಲಿ ಎಂಬುದನ್ನು ಅಂಥವರಿಗೆ ನಾನು ನೆನಪಿಸುವುದುಂಟು. 2023ರಲ್ಲಿ ಕನ್ನಂಬಾಡಿ ತುಂಬಲಿಲ್ಲ. ಮರುವರ್ಷದ ಬೇಸಿಗೆ ಭತ್ತಕ್ಕೆ ನೀರಿಲ್ಲವೆಂದಾಯಿತು. ಆ ವರ್ಷ ಮೇಲಿನ ಎಕರೆಯ ನಾಟಿ ರಾಗಿ ನಾಲ್ಕೈದು ನೀರಿನಲ್ಲಿಯೇ ಕೈಗೆ ಬಂದು, ಕಾಳಿಗಿಂತ ಹೆಚ್ಚಾಗಿ ಹುಲ್ಲಿನಿಂದ ನಮ್ಮನ್ನು ಉಳಿಸಿತು. ಭತ್ತ ಬೆಳೆಯದಿದ್ದರೆ ಹುಲ್ಲಿಲ್ಲ, ಹುಲ್ಲಿಲ್ಲದಿದ್ದರೆ ಹಸುವಿಗೆ ಮೇವಿಲ್ಲ, ಡೇರಿಗೆ ಹಾಕುವ ಹಾಲು ಕಡಿಮೆ. ಅಕ್ಕಿ ಗಿರಣಿ, ಆಲೆಮನೆ, ಕಬ್ಬು ಕಡಿಯುವ ತಂಡಗಳು, ಎಲ್ಲವೂ ಒಂದರ ಹಿಂದೊಂದು ಕೆಲಸ ಕಳೆದುಕೊಳ್ಳುತ್ತವೆ. ಒಂದು ಪ್ರದೇಶದ ಉತ್ಪಾದನೆಯನ್ನು ಕ್ವಿಂಟಲ್ ಲೆಕ್ಕದಲ್ಲಿ ಮಾತ್ರ ನೋಡುವವರಿಗೆ ಹುಲ್ಲಿನ ಈ ಲೆಕ್ಕ ಕಾಣುವುದಿಲ್ಲ.

ನಾವು ಇನ್ನೂ ಬಗೆಹರಿಸಲಾಗದ ಒಂದು ತೊಡಕು ಇದೆ. ನೀರಿನ ಕರ ಎಕರೆಯ ಮೇಲೆ, ಬೆಳೆಯ ಮೇಲೆ ನಿಗದಿಯಾಗುತ್ತದೆಯೇ ಹೊರತು ಬಳಸಿದ ನೀರಿನ ಪ್ರಮಾಣದ ಮೇಲಲ್ಲ. ಹೀಗಾಗಿ ನಮ್ಮ ತೂಬಿನಲ್ಲಿ ಉಳಿಸಿದ ನೀರಿಗೆ ನಮಗೆ ಏನೂ ಸಿಗುವುದಿಲ್ಲ, ಮೇಲಿನ ತೂಬಿನಲ್ಲಿ ಪೋಲು ಮಾಡಿದವರಿಗೆ ಏನೂ ಕಳೆಯುವುದಿಲ್ಲ. ಒಂದು ತೂಬಿನೊಳಗೆ ಕೂಲಿಯ ಲಾಭ ತೋರಿಸಿ ಒಪ್ಪಿಸಿದಂತೆ, ವಿತರಣಾ ನಾಲೆಯ ಎಲ್ಲ ತೂಬುಗಳನ್ನೂ ಒಪ್ಪಿಸುವ ಉಪಾಯ ಇನ್ನೂ ಹೊಳೆದಿಲ್ಲ. ಸದ್ಯಕ್ಕೆ ನೀರು ಬಳಕೆದಾರರ ಸಂಘದ ಮೂಲಕ, ಪ್ರತಿ ತೂಬಿನ ಬಾಯಿಯಲ್ಲಿ ಹರಿವಿನ ಮಟ್ಟ ಗೊತ್ತಾಗುವಂತೆ ಕಲ್ಲಿನ ಮೇಲೆ ಬಣ್ಣದ ಗೆರೆ ಎಳೆಸಿ, ಬೆಳಿಗ್ಗೆ ಸಂಜೆ ಆ ಮಟ್ಟವನ್ನು ಪುಸ್ತಕದಲ್ಲಿ ಬರೆಯಿಸುವ ಕೆಲಸ ಆರಂಭಿಸಿದ್ದೇವೆ. ಮುಂದಿನ ನೀರಾವರಿ ಸಲಹಾ ಸಮಿತಿಯ ಸಭೆಗೆ ಹೋಗುವಾಗ ಆ ಪುಸ್ತಕವನ್ನೂ ಕೊಂಡೊಯ್ಯಬೇಕೆಂದಿದ್ದೇವೆ.